ಪುತ್ತೂರಿನ ಸಂಜೆಗಳನ್ನು ಕಟ್ಟಿದ ಕಾರಂತರು

ಕೋಟ ಶಿವರಾಮ ಕಾರಂತರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಕಾದಂಬರಿಕಾರರೆಂದು, ವಿಜ್ಞಾನವನ್ನು ಕನ್ನಡದ ಮಕ್ಕಳಿಗೆ ಉಣಬಡಿಸಿದವರೆಂದು, ಜ್ಞಾನಪೀಠ ಪ್ರಶಸ್ತಿಯನ್ನು ಪಡೆದವರೆಂದು, ಕಡಲ ತೀರದ ಭಾರ್ಗವರೆಂದು ನಾಡು ಅವರನ್ನು ಕೊಂಡಾಡಿದೆ. ಆದರೆ ಪುತ್ತೂರು ಸುಳ್ಯದ ಕಡೆಯ ನಮ್ಮ ಹಿರಿಯರ ಬಾಯಲ್ಲಿ ನಾನು ಕೇಳುತ್ತ ಬೆಳೆದ ಕಾರಂತರು ಬೇರೆ ಒಬ್ಬರು. ಆ ಕಾರಂತರು ಬರೆಯುವ ಮೇಜಿನ ಮುಂದೆ ಕುಳಿತವರಲ್ಲ. ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಶಾಲೆಯ ಮಕ್ಕಳ ನಡುವೆ ಕುಣಿದವರು, ಬಣ್ಣದ ಡಬ್ಬಿ ಹಿಡಿದು ಹುಡುಗರ ಮುಖಕ್ಕೆ ವೇಷ ಬರೆದವರು. ಊರಿನ ಅನೇಕರು ಇದನ್ನು ಒಬ್ಬ ದೊಡ್ಡ ಮನುಷ್ಯನ ಸಣ್ಣ ಹುಚ್ಚು ಎಂದು ಬಗೆದು ನಕ್ಕುಬಿಡುತ್ತಿದ್ದರು. ಬರೆಯಬೇಕಾದ ಹೊತ್ತನ್ನು ಕುಣಿಯುವುದರಲ್ಲಿ ಕಳೆದರು ಎಂಬ ಕೊರಗು ಕೆಲವು ವಿದ್ವಾಂಸರಿಗೂ ಇತ್ತು. ಆ ಕೊರಗು ನ್ಯಾಯವಾದುದೇ? ಅವರ ಬದುಕನ್ನು ಈ ಒಂದು ಮಗ್ಗುಲಿನಿಂದ ನೋಡಿ ಉತ್ತರ ಹುಡುಕಬೇಕೆಂಬುದು ಈ ಲೇಖನದ ಉದ್ದೇಶ.

ಕಾರಂತರು ಪುತ್ತೂರಿಗೆ ಬಂದ ಕಾಲದ ಊರನ್ನು ವಾಚಕರು ಮೊದಲು ಕಣ್ಣ ಮುಂದೆ ತಂದುಕೊಳ್ಳಬೇಕು. ಅಂದು ನಮ್ಮ ಸೀಮೆ ಮದ್ರಾಸ್ ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಇಂದಿನ ಸುಳ್ಯವೂ ಪುತ್ತೂರು ತಾಲ್ಲೂಕಿನ ಒಳಗೇ ಇತ್ತು. ಕಡಬ ಪ್ರತ್ಯೇಕ ತಾಲ್ಲೂಕಾಗಿ ಕಣ್ತೆರೆದದ್ದಂತೂ 2018ರಲ್ಲಿ. ಅಡಕೆಯ ತೋಟ, ಭತ್ತದ ಗದ್ದೆ, ಅದರಾಚೆ ಕಾಡು, ಕಾಡಿನಾಚೆ ಕುಮಾರಪರ್ವತದ ಸಾಲು. ಮನೆಯಿಂದ ಮನೆಗೆ ಒಂದು ಗುಡ್ಡದ ಅಂತರ. ಹಗಲು ತೋಟಕ್ಕೂ ಗದ್ದೆಗೂ ಸಂದುಹೋಗುತ್ತಿತ್ತು. ಸಂಜೆ ಯಾರಿಗೆ ಸೇರಿದ್ದು?

ಉಳ್ಳವರಿಗೆ ಮಳೆಗಾಲದಲ್ಲಿ ಚಾವಡಿಯ ತಾಳಮದ್ದಳೆಯಿತ್ತು. ಬೇಸಗೆ ಬಂದರೆ ಬಯಲಾಟ, ಭೂತದ ಕೋಲ, ಮಹಾಲಿಂಗೇಶ್ವರನ ಜಾತ್ರೆ, ಕೋಳಿಕಟ್ಟ ಎಲ್ಲರಿಗೂ ಇದ್ದವು. ಇವೆಲ್ಲ ವರ್ಷದಲ್ಲಿ ಎಣಿಸಿದಷ್ಟು ರಾತ್ರಿಗಳು. ಮಿಕ್ಕ ಸಂಜೆಗಳಲ್ಲಿ ದುಡಿದು ದಣಿದ ಆಳಿಗೆ ತೆರೆದ ಬಾಗಿಲು ಒಂದೇ, ಅದು ಗಡಂಗು. ತೆಂಗಿನ ಕಳ್ಳು, ಈಚಲ ಕಳ್ಳು, ಘಟ್ಟದ ಬುಡದಲ್ಲಿ ಬೈನೆಯ ಕಳ್ಳು, ಅದರ ಮೇಲೆ ಸಾರಾಯಿ. ಗಡಂಗು ಕುಡಿತದ ಜಾಗ ಮಾತ್ರವಾಗಿರಲಿಲ್ಲವೆಂಬುದನ್ನು ಮರೆಯಬಾರದು. ಒಡೆಯನ ಅಂಗಳದಲ್ಲಿ ದೂರ ನಿಲ್ಲಬೇಕಾದವನು ಗಡಂಗಿನ ಮುಂದೆ ಕಾಲು ಚಾಚಿ ಕುಳಿತು ಪಾಡ್ದನದ ಒಂದು ತುಣುಕು ಹಾಡಿ, ದುಡಿ ಬಡಿದು, ನಕ್ಕು ಎದ್ದು ಹೋಗಬಲ್ಲವನಾಗಿದ್ದ. ಬಡವನಿಗೆ ಅದೇ ರಂಗಶಾಲೆ, ಅದೇ ಸಭೆ. ಬೆಲೆ ಮಾತ್ರ ದುಬಾರಿ. ದಿನದ ಕೂಲಿ ಅಲ್ಲೇ ಕರಗುತ್ತಿತ್ತು, ಸಾಲ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿತ್ತು.

ಇಂಥ ನಾಡಿಗೆ ಬಂದವರು 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಕೋಟವೆಂದರೆ ಬಡಗುತಿಟ್ಟಿನ ಯಕ್ಷಗಾನದ ತವರು. ಬಾಲ್ಯದಲ್ಲಿ ನಿದ್ದೆಗೆಟ್ಟು ಕಂಡ ಆಟಗಳ ಬಣ್ಣ, ಚಂಡೆಯ ಸದ್ದು ಅವರ ಒಳಗೆ ಇಳಿದು ಕುಳಿತಿತ್ತು. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರದ ಕರೆ ಬಂತು. ಓದು ಅಲ್ಲಿಗೆ ನಿಂತಿತು. ಮುಂದಿನ ಐದಾರು ವರ್ಷಗಳ ಕಾಲ, ಸುಮಾರು 1927ರವರೆಗೆ, ಖಾದಿ ಮತ್ತು ಸ್ವದೇಶಿಯ ಪ್ರಚಾರದಲ್ಲಿ ಊರೂರು ಸುತ್ತಿದರು. 'ವಸಂತ'ವೆಂಬ ಮಾಸಪತ್ರಿಕೆಯನ್ನು ನಡೆಸಿ ಕೈ ಸುಟ್ಟುಕೊಂಡರು. ನಾಟಕ ಬರೆದರು, ಆಡಿಸಿದರು, ತಾವೂ ಆಡಿದರು. ಭಾಷಣಕ್ಕೆ ಬಾರದ ಜನ ನಾಟಕಕ್ಕೆ ಬರುತ್ತಾರೆಂಬ ಸರಳ ಸತ್ಯವನ್ನು ಅವರು ಈ ಅಲೆದಾಟದಲ್ಲಿಯೇ ಕಲಿತಿರಬೇಕೆಂದು ನನಗೆ ತೋರುತ್ತದೆ.

ಪುತ್ತೂರಿನಲ್ಲಿ ಅವರನ್ನು ಕೈಹಿಡಿದವರಲ್ಲಿ ಮೊಳಹಳ್ಳಿ ಶಿವರಾಯರು ಮುಖ್ಯರು. 1914ರಲ್ಲಿ ಜಿಲ್ಲೆಯ ಸಹಕಾರಿ ಕೇಂದ್ರ ಬ್ಯಾಂಕನ್ನು ಹುಟ್ಟುಹಾಕಿದ ಹಿರಿಯರಲ್ಲಿ ಅಗ್ರಗಣ್ಯರಾದ ಈ ವಕೀಲರು, ರೈತನ ಸಾಲದ ಲೆಕ್ಕವನ್ನು ಬಲ್ಲಷ್ಟೇ ಚೆನ್ನಾಗಿ ಊರಿನ ಮನಸ್ಸನ್ನೂ ಬಲ್ಲವರಾಗಿದ್ದರು. ಒಬ್ಬರದು ವ್ಯವಹಾರದ ಬುದ್ಧಿ, ಇನ್ನೊಬ್ಬರದು ಕಲೆಯ ಹುಚ್ಚು. ಇಬ್ಬರೂ ಸೇರಿದ್ದರಿಂದ ಪುತ್ತೂರಿನ ದಸರಾ ನಾಡಹಬ್ಬ ರೂಪುಗೊಂಡಿತು. 1930ರ ದಶಕದಲ್ಲಿ ಆ ಪುಟ್ಟ ಪೇಟೆಯಲ್ಲಿ ನಡೆದ ಈ ಹಬ್ಬಕ್ಕೆ ಕನ್ನಡದ ಹೆಸರಾಂತ ಸಾಹಿತಿಗಳು ರೈಲು, ಮೋಟಾರು ಹಿಡಿದು ಬಂದರು. ಉಪನ್ಯಾಸ, ಸಂಗೀತ, ನಾಟಕ, ನೃತ್ಯ ಎಲ್ಲವೂ ಒಂದೇ ಚಪ್ಪರದ ಅಡಿಯಲ್ಲಿ. ಆ ಕಾಲದ ಕರಪತ್ರಗಳ ಭಾಷೆಯಲ್ಲಿ ಹೇಳುವುದಾದರೆ ಅದು ವಿವಿಧ ವಿನೋದಾವಳಿ. ಆದರೆ ಬರಿಯ ವಿನೋದಕ್ಕಾಗಿ ಕಟ್ಟಿದ ವಿನೋದಾವಳಿ ಅಲ್ಲ. ಮೈಸೂರು, ಮುಂಬಯಿ, ಮದ್ರಾಸುಗಳ ನಡುವೆ ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದೇ ನಾಡಿನವರೆಂಬುದನ್ನು ಜನಕ್ಕೆ ಹಾಡಿ ಕುಣಿದು ತಿಳಿಸುವ ಉಪಾಯವೂ ಅದಾಗಿತ್ತು.

ಕಾರಂತರು ಪ್ರಯೋಗವೆಂದರೆ ಹಿಂದುಮುಂದು ನೋಡುವವರಲ್ಲ. ಛಾಯಾಗ್ರಹಣವನ್ನು ಕಲಿತರು. ಕನ್ನಡದಲ್ಲಿ ಸಿನಿಮಾ ಇನ್ನೂ ಮಾತು ಕಲಿಯದಿದ್ದಾಗ, 1930ರ ಆಸುಪಾಸಿನಲ್ಲಿ, ಮೂಕಿ ಚಿತ್ರಗಳನ್ನು ತೆಗೆದು ನೋಡಿದರು. ಪಶ್ಚಿಮದ ಆಪೆರಾ ಎಂಬ ಪ್ರಕಾರದ ವಿಷಯವನ್ನು ಪುಸ್ತಕಗಳಲ್ಲಿ ಓದಿ, ಮಾತನ್ನೆಲ್ಲ ಹಾಡಾಗಿಸಿದ ಗೀತನಾಟಕಗಳನ್ನು ಬರೆದರು. 'ಮುಕ್ತದ್ವಾರ', 'ಕಿಸಾಗೋತಮಿ' ಈ ಬಗೆಯವು. ಕಂಪೆನಿ ನಾಟಕಗಳಲ್ಲಿಯೂ ಹಾಡಿಗೇನೂ ಕೊರತೆಯಿರಲಿಲ್ಲ. ಅಲ್ಲಿ ಸಾಯುವ ಪಾತ್ರವೂ ಚಪ್ಪಾಳೆ ಬಿದ್ದರೆ ಎದ್ದು ಕುಳಿತು ಹಾಡನ್ನು ಮತ್ತೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತೆಂದು ಹಳಬರು ನಗೆಯಾಡುತ್ತಾರೆ. ಕಾರಂತರು ಬಯಸಿದ್ದು ಅದನ್ನಲ್ಲ. ರಾಗ ಪಾತ್ರದ ಅಳಲಿನಿಂದಲೇ ಹುಟ್ಟಬೇಕು, ಹೆಜ್ಜೆ ಆ ರಾಗದಿಂದ ಹುಟ್ಟಬೇಕು, ಬಣ್ಣ ಆ ಹೆಜ್ಜೆಗೆ ಒಪ್ಪಬೇಕು. ಇದು ಅವರ ಹಂಬಲ.

ಕಿಸಾಗೋತಮಿಯ ಕಥೆಯನ್ನು ಬೌದ್ಧ ಸಾಹಿತ್ಯ ಬಲ್ಲವರೆಲ್ಲ ಬಲ್ಲರು. ಸತ್ತ ಮಗುವನ್ನು ಎದೆಗವಚಿಕೊಂಡು ಮದ್ದು ಬೇಡುತ್ತ ಅಲೆಯುವ ತಾಯಿಗೆ ಬುದ್ಧನು ಸಾವಿಲ್ಲದ ಮನೆಯ ಸಾಸಿವೆಯನ್ನು ತರಲು ಹೇಳುತ್ತಾನೆ. ಸಾಸಿವೆ ಎಲ್ಲ ಮನೆಗಳಲ್ಲಿಯೂ ಇದೆ. ಸಾವು ಕಾಣದ ಮನೆ ಮಾತ್ರ ಇಲ್ಲ. ಮಲೇರಿಯ ಜ್ವರ ಮನೆಮನೆಯ ಮಕ್ಕಳನ್ನು ಒಯ್ಯುತ್ತಿದ್ದ ಘಟ್ಟದ ಬುಡದ ಜನಕ್ಕೆ ಈ ಕಥೆಯನ್ನು ವಿವರಿಸುವ ಅಗತ್ಯವಿತ್ತೇ? ದೂರದ ದೇಶದ ರಂಗರೂಪವನ್ನು ತಂದರೂ ಅದರೊಳಗೆ ಇಟ್ಟ ನೋವು ನಮ್ಮ ಊರಿನದೇ ಆಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ಊರಿನ ಹೊರವಲಯದ ಪರ್ಲಡ್ಕದ ಗುಡ್ಡದಲ್ಲಿ ಕಾರಂತರು ತಮ್ಮ ಬಾಲವನವನ್ನು ಕಟ್ಟಿದ್ದು ಇದೇ ದಶಕದಲ್ಲಿ. ಹೊಡೆತವಿಲ್ಲದೆ, ಉರುಹಚ್ಚುವ ಕಾಟವಿಲ್ಲದೆ, ಆಟ ಪಾಟ ಕುಣಿತಗಳಿಂದ ಮಕ್ಕಳು ಕಲಿಯಬೇಕೆಂಬುದು ಅವರ ಕನಸು. 1936ರಲ್ಲಿ ಅವರು ಲೀಲಾ ಆಳ್ವರನ್ನು ಕೈಹಿಡಿದರು. ಕೋಟದ ಬ್ರಾಹ್ಮಣ ಮನೆತನದ ಗಂಡು, ಬಂಟರ ಹೆಣ್ಣು. ಅಂದಿನ ಪುತ್ತೂರಿನಲ್ಲಿ ಇದು ಸಣ್ಣ ಮಾತಲ್ಲ. ನೆಂಟರಿಷ್ಟರು ದೂರವಾದರೂ ದಂಪತಿಗಳು ಎದೆಗುಂದಲಿಲ್ಲ. ಬಾಲವನದ ಶಾಲೆ ಬಹುಕಾಲ ಬಾಳಲಿಲ್ಲ. ಅದಕ್ಕೆ ಬೇಕಾದ ಹಣವೂ ಇರಲಿಲ್ಲ, ಕುಣಿಯುವ ಶಾಲೆಗೆ ಮಕ್ಕಳನ್ನು ಕಳುಹುವ ಧೈರ್ಯ ತಾಯ್ತಂದೆಯರಿಗೂ ಇರಲಿಲ್ಲ. ಆದರೆ ಶಾಲೆ ಮುಚ್ಚಿದರೂ ಬಾಲವನ ಮುಚ್ಚಲಿಲ್ಲ. 'ಬಾಲ ಪ್ರಪಂಚ'ದ ಸಂಪುಟಗಳು ಬಂದದ್ದು, ಮುಂದೆ 'ವಿಜ್ಞಾನ ಪ್ರಪಂಚ' ಸಿದ್ಧವಾದದ್ದು ಪುತ್ತೂರಿನ ಆ ಬಾಳಿನಲ್ಲಿಯೇ.

ಈಗ ಮತ್ತೆ ಗಡಂಗಿನ ಮಾತಿಗೆ ಬರುತ್ತೇನೆ. ಕಾರಂತರ 'ಚೋಮನ ದುಡಿ' ಪ್ರಕಟವಾದದ್ದು 1933ರಲ್ಲಿ. ಮರುವರ್ಷವೇ ಗಾಂಧೀಜಿ ಹರಿಜನೋದ್ಧಾರದ ಪ್ರವಾಸದಲ್ಲಿ ಪುತ್ತೂರಿಗೆ ಬಂದರು. ಪೇಟೆಯ ಅಶ್ವತ್ಥದ ಬುಡದ ಕಟ್ಟೆ ಇಂದಿಗೂ ಗಾಂಧಿಕಟ್ಟೆಯೆಂದೇ ಹೆಸರಾಗಿದೆ. ಚೋಮನಿಗೆ ಇದ್ದದ್ದು ಎರಡೇ ಸುಖಗಳು, ಹೆಂಡ ಮತ್ತು ದುಡಿ. ಒಂದು ತುಂಡು ಭೂಮಿಯಲ್ಲಿ ತಾನೇ ಬೇಸಾಯ ಮಾಡಬೇಕೆಂಬ ಆಸೆ ಮಣ್ಣಾಗುತ್ತಿದ್ದಂತೆ ಅವನು ದುಡಿಯನ್ನು ಬಡಿಯುತ್ತಾನೆ. ಪಾನನಿಷೇಧದ ಪ್ರಚಾರಕರು ಗಡಂಗಿನ ಮುಂದೆ ನಿಂತು ಕುಡಿಯಬೇಡಿರೆಂದು ಕೈಮುಗಿಯುತ್ತಿದ್ದ ಕಾಲವದು. 1937ರಲ್ಲಿ ಮದ್ರಾಸಿನ ರಾಜಾಜಿ ಸರಕಾರ ಕಾಯಿದೆಯನ್ನೇ ತಂದು ಸೇಲಂ ಜಿಲ್ಲೆಯಿಂದ ಮೊದಲುಮಾಡಿತು. 1948ರ ಹೊತ್ತಿಗೆ ಅದು ಇಡೀ ಪ್ರಾಂತಕ್ಕೆ ಹಬ್ಬಿತು. ಗಡಂಗಿಗೆ ಬೀಗ ಬಿತ್ತು, ಕಳ್ಳಭಟ್ಟಿಗೆ ಬೀಳಲಿಲ್ಲ. ಕಾರಂತರ ಕಾದಂಬರಿ ಬೋಧನೆಗೆ ಇಳಿಯದೆ ಒಂದು ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಚೋಮನ ಕೈಯಿಂದ ಹೆಂಡದ ಕುಡಿಕೆಯನ್ನು ಕಿತ್ತುಕೊಂಡವರು ಆ ಕೈಗೆ ಬದಲಿಗೆ ಏನನ್ನು ಕೊಟ್ಟರು? ಭೂಮಿಯನ್ನು ಕೊಡಲಿಲ್ಲ, ಗೌರವವನ್ನೂ ಕೊಡಲಿಲ್ಲ. ಅವನ ದುಡಿಗೆ ಕಿವಿಯನ್ನಾದರೂ ಕೊಟ್ಟರೇ?

ಪುತ್ತೂರಿನ ರಂಗದ ಮೇಲೆ ಕಾರಂತರು ಹತ್ತಾರು ವರ್ಷ ಪಟ್ಟ ಪಾಡಿಗೆ ಇದೇ ಕಾರಣವೆಂದು ನಾನು ತಿಳಿದಿದ್ದೇನೆ. ಮನುಷ್ಯನಿಗೆ ಸಂಜೆ ಬೇಕು. ಆ ಸಂಜೆಯಲ್ಲಿ ಹಾಡು, ನಗು, ನಾಲ್ಕು ಜನರ ಸಹವಾಸ ಬೇಕು. ಇದನ್ನು ಲೋಕದ ಎಲ್ಲ ಜನಾಂಗಗಳೂ ತಮ್ಮ ತಮ್ಮ ರೀತಿಯಲ್ಲಿ ಕಂಡುಕೊಂಡಿವೆ. ಇಂಗ್ಲೆಂಡಿನಲ್ಲಿ ಪಬ್ ಎಂಬ ಪಾನಗೃಹ ಊರ ಚಾವಡಿಯೂ ಹೌದು, ಸಂಗೀತ ಶಾಲೆಯೂ ಹೌದು. 1963ರಲ್ಲಿ ಅಲ್ಲಿಯ ಟೆಲಿವಿಷನ್ ಮಂದಿ 'ಸ್ಟಾರ್ಸ್ ಅಂಡ್ ಗಾರ್ಟರ್ಸ್' ಎಂಬ ಸಂಗೀತ ವಿನೋದಾವಳಿಗಾಗಿ ಸ್ಟುಡಿಯೋದ ಒಳಗೇ ಒಂದು ಪಬ್ಬನ್ನು ಕಟ್ಟಿ, ಗಿರಾಕಿಗಳ ನಡುವೆ ಗಾಯಕರನ್ನು ನಿಲ್ಲಿಸಿ, ಮನೆಯಲ್ಲಿ ಕುಳಿತವರಿಗೂ ಆ ಸಂಜೆಯ ಬಿಸುಪನ್ನು ಹಂಚಿದರು. ಅಲ್ಲಿಯವರಿಗೆ ತಮ್ಮ ಪಾನಗೃಹದ ಹಾಡಿನ ವಿಷಯದಲ್ಲಿ ನಾಚಿಕೆಯಿರಲಿಲ್ಲ. ನಮ್ಮಲ್ಲಿ ಗಡಂಗಿನ ಹಾಡು ಗಡಂಗಿನಲ್ಲೇ ಸತ್ತಿತು. ಚಾವಡಿಯ ಹಾಡು ಚಾವಡಿಯಲ್ಲೇ ಉಳಿಯಿತು. ಇವೆರಡರ ನಡುವೆ, ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದಾದ ಮೂರನೆಯ ಚಪ್ಪರವೊಂದನ್ನು ಹಾಕಲು ಹೊರಟವರು ಕಾರಂತರು.

ಆ ಚಪ್ಪರಕ್ಕೆ ತಕ್ಕ ಕಲೆಯನ್ನು ಹುಡುಕುತ್ತ ಹೋದ ಅವರು ಕೊನೆಗೆ ತಮ್ಮ ಬಾಲ್ಯದ ಯಕ್ಷಗಾನಕ್ಕೇ ಮರಳಿದರು. ಅಷ್ಟರಲ್ಲಿ ಯಕ್ಷಗಾನ ಕೆಡುತ್ತ ಬಂದಿತ್ತು. ಡೇರೆ ಮೇಳಗಳ ಪೈಪೋಟಿಯಲ್ಲಿ ಕಂಪೆನಿ ನಾಟಕದ ಮಕಮಲ್ಲು ಪೋಷಾಕು ರಂಗಕ್ಕೆ ಬಂದಿತ್ತು, ಹಳೆಯ ಮುಖವರ್ಣಿಕೆ ಮರೆಯಾಗುತ್ತಿತ್ತು. ಕಾರಂತರು ಊರೂರು ಅಲೆದರು. ಓಲೆಗರಿಗಳನ್ನು ಬಿಚ್ಚಿದರು, ಮುದಿ ಭಾಗವತರ ಬಾಯಿಂದ ಹಳೆಯ ಮಟ್ಟುಗಳನ್ನು ಕೇಳಿದರು, ವೇಷಗಳ ಚಿತ್ರ ತೆಗೆದರು. ಇದರ ಫಲವಾದ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕಾದಂಬರಿಗಾಗಿ ಹೆಸರಾದವರಿಗೆ ಆ ಗೌರವ ದೊರೆತದ್ದು ಕುಣಿತದ ಮೇಲಿನ ಪುಸ್ತಕಕ್ಕೆ ಎಂಬುದನ್ನು, ಕೊರಗುವ ವಿದ್ವಾಂಸರು ನೆನೆಯಬೇಕು.

ಜಗಳಗಳಿಗೂ ಬರವಿರಲಿಲ್ಲ. ನಮ್ಮ ಪುತ್ತೂರು ಸುಳ್ಯಗಳು ತೆಂಕುತಿಟ್ಟಿನ ನೆಲ. ಕಾರಂತರ ಹೃದಯವಾದರೋ ಬಡಗಿನದು. ಕುಂಬಳೆಯ ಪಾರ್ತಿಸುಬ್ಬನೇ ರಾಮಾಯಣ ಪ್ರಸಂಗಗಳ ಕರ್ತೃವೆಂದು ಮುಳಿಯ ತಿಮ್ಮಪ್ಪಯ್ಯನವರೂ ಕುಕ್ಕಿಲ ಕೃಷ್ಣಭಟ್ಟರೂ ಸಾಧಿಸಿದರೆ, ಕಾರಂತರು ಆ ಕವಿಯನ್ನು ಬಡಗಿನ ಕಡೆಗೆ ಎಳೆದರು. ತೆಂಕಣದವರಿಗೆ ಇದು ಮನೆಯ ದೇವರನ್ನೇ ಹೊತ್ತೊಯ್ದಂತಾಯಿತು. ಇಂದಿಗೂ ನಮ್ಮ ಕಡೆಯ ತಾಳಮದ್ದಳೆಯ ಚಾವಡಿಗಳಲ್ಲಿ ಈ ವಿವಾದವನ್ನೆತ್ತಿದರೆ ಕಾಫಿ ಆರಿಹೋಗುವವರೆಗೆ ಮಾತು ಬೆಳೆಯುವುದನ್ನು ನಾನು ಕಂಡಿದ್ದೇನೆ.

ಮತ್ತೂ ದೊಡ್ಡ ಜಗಳ ಮಾತಿನದು. ತೆಂಕುತಿಟ್ಟಿನ ಪ್ರೇಕ್ಷಕನಿಗೆ ಅರ್ಥಗಾರಿಕೆಯೇ ಪ್ರಾಣ. ಕೃಷ್ಣನ ಮೇಲೆ ಕೌರವನ ವಾದ ಗೆದ್ದ ರಾತ್ರಿಯನ್ನು ಅವನು ವರುಷಗಟ್ಟಲೆ ನೆನೆಯುತ್ತಾನೆ. ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಆ ಮಾತನ್ನೇ ತೆಗೆದುಹಾಕಿದರು. ಇಡೀ ರಾತ್ರಿಯ ಆಟ ಎರಡು ಮೂರು ತಾಸಿಗೆ ಇಳಿಯಿತು. ಚಂಡೆ ಮದ್ದಳೆಗಳ ಜೊತೆಗೆ ಪಿಟೀಲು, ಸ್ಯಾಕ್ಸೊಫೋನುಗಳು ಬಂದವು. ಹಳೆಯ ಬಣ್ಣ, ಹಳೆಯ ಹೆಜ್ಜೆ, ಹಳೆಯ ರಾಗಗಳನ್ನು ಹುಡುಕಿ ತಂದವರೇ ಹೀಗೆ ಹೊಸ ವಾದ್ಯಗಳನ್ನು ತಂದರೆಂದು ಸಂಪ್ರದಾಯಸ್ಥರು ಕನಲಿದರು. ಮಾತಿಲ್ಲದ ಯಕ್ಷಗಾನ ಉಪ್ಪಿಲ್ಲದ ಊಟವೆಂದು ನಾನೂ ಒಪ್ಪುತ್ತೇನೆ. ಆದರೆ ಮಾತು ಕಳೆದುಕೊಂಡ ಆ ಆಟಕ್ಕೆ ಗಡಿಗಳೂ ಕಳೆದುಹೋದವೆಂಬುದೂ ಅಷ್ಟೇ ನಿಜ. ಅವರ ಯಕ್ಷರಂಗದ ತಂಡ ಭಾರತದ ಬೇರೆ ಬೇರೆ ಪ್ರಾಂತಗಳಲ್ಲಿ, ಯೂರೋಪಿನ ದೇಶಗಳಲ್ಲಿ, ದಕ್ಷಿಣ ಅಮೆರಿಕದಲ್ಲಿ ಕುಣಿಯಿತು. ಕನ್ನಡದ ಒಂದು ಅಕ್ಷರವನ್ನೂ ಅರಿಯದ ಜನ ಅಭಿಮನ್ಯುವಿನ ವಧೆಯನ್ನು ನೋಡಿ ಕರಗಿದರು.

ಇಷ್ಟೆಲ್ಲ ಹೊರಗಿನ ಸದ್ದಿನ ನಡುವೆ ಒಳಮನೆಯಲ್ಲಿ ನಡೆದದ್ದನ್ನು ಹೇಳದೆ ಹೋದರೆ ಈ ಜೀವನಚಿತ್ರ ಪೂರ್ಣವಾಗದು. ಕಾರಂತರ ಹಿರಿಯ ಮಗನ ಹೆಸರು ಹರ್ಷ. ಪುತ್ತೂರಿನಲ್ಲಿ ಅವರು ನಡೆಸಿದ ಮುದ್ರಣಾಲಯಕ್ಕೂ ಪ್ರಕಟನಾಲಯಕ್ಕೂ ಅದೇ ಹೆಸರು. ಆ ಹರ್ಷ ತುಂಬು ಯೌವನದಲ್ಲಿ ತೀರಿಕೊಂಡ. 'ಬೆಟ್ಟದ ಜೀವ'ವನ್ನು ಓದಿದವರಿಗೆ ಕುಕ್ಕೆ ಸುಬ್ರಹ್ಮಣ್ಯದ ಕಾಡುಗಳ ಮಗ್ಗುಲಲ್ಲಿ, ಮನೆ ಬಿಟ್ಟುಹೋದ ಮಗನ ದಾರಿಯನ್ನು ಕಾಯುತ್ತ, ಬಂದ ಅತಿಥಿಗೆ ಆ ಮಗನ ಪಾಲಿನ ಪ್ರೀತಿಯನ್ನೆಲ್ಲ ಸುರಿಯುವ ಗೋಪಾಲಯ್ಯ ದಂಪತಿಗಳು ನೆನಪಿರಬಹುದು. ಆ ಕಾದಂಬರಿ ಬಂದದ್ದು 1943ರಲ್ಲಿ. ಕಿಸಾಗೋತಮಿಯನ್ನು ಹಾಡಿಸಿದ್ದು ಅದಕ್ಕೂ ಮೊದಲು. ಪರರ ನೋವೆಂದು ಬರೆದದ್ದು ತನ್ನ ಬಾಗಿಲಿಗೇ ಬಂದು ನಿಂತಾಗ ಆ ತಂದೆ ಏನು ನೆನೆದರೋ ನಾವು ಅರಿಯೆವು. ಅವರು ಮಗನ ಹೆಸರಿನ ಮುದ್ರೆಯೊಂದಿಗೆ ಬದುಕಿದರು, ಬರೆದರು, ಮತ್ತೆ ಮಕ್ಕಳಿಗೆ ಕುಣಿತ ಹೇಳಿಕೊಟ್ಟರು. ಸಾಸಿವೆಯನ್ನು ಬೇಡುತ್ತ ಮನೆಮನೆ ತಿರುಗಿದವರ ಸಮಾಧಾನ ಇದಕ್ಕಿಂತ ಬೇರೆಯಾಗಿರಲಾರದು.

ಸುಮಾರು ನಾಲ್ಕು ದಶಕಗಳನ್ನು ಪುತ್ತೂರಿನಲ್ಲಿ ಕಳೆದು, 1970ರ ದಶಕದ ಆದಿಯಲ್ಲಿ ಅವರು ತಮ್ಮ ಹುಟ್ಟೂರ ಬಳಿಯ ಸಾಲಿಗ್ರಾಮಕ್ಕೆ ಹೊರಟುಹೋದರು. ಮುಂದಿನದು ನಾಡು ಬಲ್ಲ ಕಥೆ. 1975ರ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂತಿರುಗಿಸಿದರು. 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ ಜ್ಞಾನಪೀಠ ಬಂತು. ಕೈಗಾದ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೆ ನಿಂತು ಸೋತರು. ಅದೇ 1975ರಲ್ಲಿ, ಬಂಟ್ವಾಳ ತಾಲ್ಲೂಕಿನ ಮಂಚಿಯವರಾದ ಬಿ. ವಿ. ಕಾರಂತರ ನಿರ್ದೇಶನದಲ್ಲಿ ತೆರೆಗೆ ಬಂದ 'ಚೋಮನ ದುಡಿ' ರಾಷ್ಟ್ರದ ಸ್ವರ್ಣಕಮಲವನ್ನು ಪಡೆಯಿತು. ಪುತ್ತೂರಿನ ಸಂಜೆಗೆ ಕೇಳದ ದುಡಿಯ ದನಿ ಕಡೆಗೆ ದೇಶಕ್ಕೇ ಕೇಳಿಸಿತು. 1997ರ ಡಿಸೆಂಬರ್ 9ರಂದು ಕಾರಂತರು ಮಣಿಪಾಲದಲ್ಲಿ ಕೊನೆಯುಸಿರೆಳೆದಾಗ ಅವರಿಗೆ ತೊಂಬತ್ತೈದು ತುಂಬಿತ್ತು.

ಹಾಗಾದರೆ ಪುತ್ತೂರಿನ ಆ ವರುಷಗಳು ವ್ಯರ್ಥವೇ? ಲೆಕ್ಕ ಹಾಕಿದರೆ ಸೋಲಿನ ಪಟ್ಟಿಯೇ ಉದ್ದ. ಶಾಲೆ ನಿಂತಿತು. ಪತ್ರಿಕೆ ನಿಂತಿತು. ಗೀತನಾಟಕಗಳ ದಾರಿಯನ್ನು ಹೆಚ್ಚು ಜನ ತುಳಿಯಲಿಲ್ಲ. ಮೂಕಿ ಚಿತ್ರಗಳು ಹೆಸರಾಗಿ ಮಾತ್ರ ಉಳಿದವು. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ಗಡಂಗನ್ನು ಗೆಲ್ಲುವ ಚಪ್ಪರವನ್ನು ಅವರಿಂದ ಹಾಕಲಾಗಲಿಲ್ಲ. ಇಂದು ನಮ್ಮ ಪೇಟೆಗಳಲ್ಲಿ ಗಡಂಗಿನ ಜಾಗದಲ್ಲಿ ಬಾರುಗಳ ದೀಪ ಉರಿಯುತ್ತದೆ; ಅಲ್ಲಿ ಹಾಡುವವರೂ ಇಲ್ಲ, ಗೋಡೆಯ ಟಿವಿಯೇ ಹಾಡುತ್ತದೆ.

ಆದರೆ ಲೆಕ್ಕದ ಪುಸ್ತಕಕ್ಕೆ ಸಿಗದ ಆದಾಯವೂ ಒಂದುಂಟು. ಚೋಮನನ್ನೂ ಗೋಪಾಲಯ್ಯನನ್ನೂ ಘಟ್ಟದ ಮಲೆಕುಡಿಯರನ್ನೂ ಅಷ್ಟು ಹತ್ತಿರದಿಂದ ಬರೆದ ಕೈ, ಬಾಗಿಲು ಹಾಕಿಕೊಂಡು ಕುಳಿತ ಕೈಯಲ್ಲ. ಹಬ್ಬದ ಚಪ್ಪರಕ್ಕೆ ಗಳು ಹೊತ್ತ ಆಳು, ವೇಷಕ್ಕೆ ಬಂದ ಹುಡುಗ, ಹಿಂದಿನ ಸಾಲಿನಲ್ಲಿ ನಿಂತು ನೋಡಿದ ಹೆಂಗಸು, ಇವರ ನಡುವೆ ಬಾಳಿದ್ದರಿಂದಲೇ ಆ ಬರೆಹಕ್ಕೆ ಮಣ್ಣಿನ ವಾಸನೆ ಬಂತು. ಕುಣಿದ ಹೊತ್ತು ಬರೆಹದಿಂದ ಕದ್ದದ್ದಲ್ಲ, ಬರೆಹಕ್ಕೆ ಬಿತ್ತಿದ್ದು. ಬಾಲವನ ಈಗ ಸಾರ್ವಜನಿಕರ ಸ್ವತ್ತು. ಅವರ ಮನೆಯನ್ನು ದುರಸ್ತಿ ಮಾಡಿ ಉಳಿಸಿದ್ದಾರೆ, ರಂಗಮಂದಿರವಿದೆ, ಅವರ ಹುಟ್ಟುಹಬ್ಬದಂದು ಸಭೆ ನಡೆಯುತ್ತದೆ. ಅಲ್ಲಿಗೆ ಹೋದಾಗಲೆಲ್ಲ ನಾನು ಗಮನಿಸುವುದು ಒಂದನ್ನೇ. ಭಾಷಣದ ದಿನ ಕುರ್ಚಿಗಳು ಅರ್ಧ ಖಾಲಿ. ಮಕ್ಕಳು ಕುಣಿಯುವ ದಿನ ನಿಲ್ಲಲೂ ಸ್ಥಳವಿರುವುದಿಲ್ಲ. ಆ ಮಕ್ಕಳ ಪೈಕಿ ಹೆಚ್ಚಿನವರು ಚೋಮನಂಥವರ ಮನೆಗಳಿಂದಲೇ ಬಂದವರು. ಅವರು ಮೆಟ್ಟಿಲ ಕೆಳಗೆ ದೂರ ನಿಲ್ಲುವುದಿಲ್ಲ, ನೇರವಾಗಿ ರಂಗದ ನಡುವಿಗೆ ಬರುತ್ತಾರೆ. ಕಾರಂತರು ಸೋತರೆಂದು ಹೇಳುವವರು ಆ ಒಂದು ಸಂಜೆ ಬಂದು ನೋಡಲಿ.